ಕೀಲುನೋವು: ವೈದ್ಯರ ಬಳಿಗೆ ಯಾವಾಗ?



ಕೀಲುನೋವು ಎಂದೊಡನೆ ನಮಗೆ ನೆನಪಾಗುವುದು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಜಗಲಿಯ ಮೇಲೆ ಕುಳಿತ ಅಜ್ಜಿಯೋ ತಾತನೋ. ಅದು ಮುಪ್ಪಿನ ಕಾಯಿಲೆ, ಎಳೆಯರಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ನಂಬಿಕೆ ಸಾಮಾನ್ಯ. ಶಾಲೆಗೆ ಹೋಗುವ ಹುಡುಗ ಕಾಲುನೋವು ಎಂದರೆ ‘ಆಡಿ ದಣಿದಿದ್ದಾನೆ’, ‘ವಾಯು ಇರಬೇಕು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಅನೇಕ ಸಲ ಅವರ ಮಾತು ನಿಜವೂ ಆಗಿರುತ್ತದೆ. ಆದರೆ ಕೆಲವು ನೋವುಗಳನ್ನು ಹಾಗೆ ಬಿಟ್ಟರೆ ಅದರ ಬೆಲೆಯನ್ನು ಜೀವನವಿಡೀ ತೆರಬೇಕಾಗುತ್ತದೆ. ಯಾವ ನೋವಿಗೆ ಕಾಯಬಹುದು, ಯಾವುದಕ್ಕೆ ಅಂದೇ ವೈದ್ಯರನ್ನು ಕಾಣಬೇಕು ಎಂಬುದನ್ನು ಇಂದು ನೋಡೋಣ.

ಮೊದಲು ಕೀಲು ಎಂದರೇನು? ಎರಡು ಮೂಳೆಗಳು ಕೂಡುವ ಜಾಗವೇ ಕೀಲು. ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ಸುತ್ತಲೂ ಒಂದು ಚೀಲ; ಅದರ ಒಳಪೊರೆ ಜಿಗುಟಾದ ದ್ರವವನ್ನು ಸ್ರವಿಸಿ, ಬಂಡಿಯ ಅಚ್ಚಿಗೆ ಕೀಲೆಣ್ಣೆಯಂತೆ ಕೆಲಸ ಮಾಡುತ್ತದೆ. ಮೂಳೆಗಳನ್ನು ಹಿಡಿದಿಡಲು ಗಟ್ಟಿಯಾದ ಅಸ್ಥಿರಜ್ಜುಗಳಿವೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಆದ್ದರಿಂದ ಅದು ಒಮ್ಮೆ ಹಾಳಾದರೆ ಮೊದಲಿನಂತೆ ಬೆಳೆಯುವುದಿಲ್ಲ. ಈ ಒಂದು ಸಂಗತಿ ನೆನಪಿನಲ್ಲಿರಲಿ.

ಕಾಯಬಹುದಾದ ನೋವು ಯಾವುದು? ಕ್ರೀಡಾದಿನದ ಮಾರನೆಯ ದಿನ ಮೈಕೈ ನೋಯುವುದು ಸಹಜ. ಎರಡು ಮೂರು ದಿನದ ವಿಶ್ರಾಂತಿಗೆ ಅದು ಇಳಿಯುತ್ತದೆ. ಚಿಕ್ಕ ಮಕ್ಕಳಿಗೆ ಸಂಜೆ ಅಥವಾ ರಾತ್ರಿ ಎರಡೂ ಕಾಲುಗಳಲ್ಲಿ ನೋವು ಬಂದು, ನೀವಿದರೆ ಸಮಾಧಾನವಾಗಿ, ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಓಡಾಡುವುದುಂಟು. ಊತವಿಲ್ಲ, ಜ್ವರವಿಲ್ಲ, ಕುಂಟುವುದಿಲ್ಲ ಎಂದಾದರೆ ಗಾಬರಿ ಬೇಡ.

ಆಟದ ಪೆಟ್ಟಿನ ಮಾತು ಬೇರೆ. ಕಬಡ್ಡಿಯಲ್ಲೋ ಖೊಖೊದಲ್ಲೋ ಮೊಣಕಾಲು ತಿರುಚಿ ‘ಟಪ್’ ಎಂದ ಅನುಭವವಾಗಿ, ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಒಳಗೆ ರಕ್ತಸ್ರಾವವಾಗಿದೆ ಎಂದು ಶಂಕಿಸಬೇಕು. ಆ ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಕೀಲಿನ ಆಕಾರ ಬದಲಾಗಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಎಳೆದು ಸರಿಮಾಡಿಸುವುದು, ಊದಿದ ಕೀಲನ್ನು ಬಲವಾಗಿ ನೀವಿಸಿ ಬಿಗಿಯಾಗಿ ಕಟ್ಟಿಸುವುದು ಅಪಾಯಕರ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಅಲುಗಾಡದಂತೆ ಆಸರೆ - ಆಸ್ಪತ್ರೆ ತಲುಪುವವರೆಗೆ ಇಷ್ಟೇ ಸಾಕು.

ಒಂದು ಗಂಟೆಯೂ ತಡಮಾಡಬಾರದ ನೋವೂ ಇದೆ. ಒಂದೇ ಕೀಲು ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಊದಿಕೊಂಡು, ಜೊತೆಗೆ ಜ್ವರ ಬಂದು, ಆ ಕೀಲನ್ನು ಅಲುಗಿಸಲೂ ಬಿಡದಷ್ಟು ನೋಯುತ್ತಿದ್ದರೆ ಒಳಗೆ ಕೀವಾಗಿರಬಹುದು. ಬ್ಯಾಕ್ಟೀರಿಯಾಗಳು ರಕ್ತದ ಮೂಲಕ ಕೀಲನ್ನು ಸೇರಿದಾಗ ಹೀಗಾಗುತ್ತದೆ. ಕೀವಿನಲ್ಲಿರುವ ಕಿಣ್ವಗಳು ಮೃದ್ವಸ್ಥಿಯನ್ನು ಕೆಲವೇ ದಿನಗಳಲ್ಲಿ ಕರಗಿಸಬಲ್ಲವು. ಕೀವು ತೆಗೆದು ಆ್ಯಂಟಿಬಯಾಟಿಕ್ ಕೊಟ್ಟರೆ ಕೀಲು ಉಳಿಯುತ್ತದೆ. ತಡವಾದರೆ ಶಾಶ್ವತ ಊನ. ಸೊಂಟದ ಕೀಲು ಆಳದಲ್ಲಿರುವುದರಿಂದ ಅಲ್ಲಿ ಊತ ಕಾಣುವುದಿಲ್ಲ. ಜ್ವರ ಬಂದ ಮಗು ಕಾಲೂರಲು ಒಪ್ಪದಿದ್ದರೆ ಅದೇ ಎಚ್ಚರಿಕೆಯ ಗಂಟೆ.

ಈಗ ನಿಮ್ಮ ವಯಸ್ಸಿನವರು ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದ ಕಾಯಿಲೆಗೆ ಬರೋಣ. ಅದು ರುಮ್ಯಾಟಿಕ್ ಜ್ವರ. ಹೆಚ್ಚಾಗಿ 5ರಿಂದ 15 ವರ್ಷದವರನ್ನು ಕಾಡುವ ಈ ಕಾಯಿಲೆ ಶುರುವಾಗುವುದು ಕೀಲಿನಲ್ಲಲ್ಲ, ಗಂಟಲಿನಲ್ಲಿ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ಬೇನೆ ಬಂದು ವಾಸಿಯಾಗುತ್ತದೆ. ಎರಡು ಮೂರು ವಾರ ಕಳೆದ ಮೇಲೆ, ಗಂಟಲುನೋವು ಮರೆತೇಹೋಗಿರುವಾಗ, ಜ್ವರದೊಂದಿಗೆ ಮೊಣಕಾಲು ಊದಿಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಅದು ಇಳಿದು ಪಾದದ ಹರಡಿಗೆ, ಅಲ್ಲಿಂದ ಮೊಣಕೈಗೆ, ಮಣಿಕಟ್ಟಿಗೆ ನೋವು ವಲಸೆ ಹೋಗುತ್ತದೆ. ಕೊನೆಗೆ ಚಿಕಿತ್ಸೆ ಇಲ್ಲದೆಯೂ ಎಲ್ಲ ಕೀಲುಗಳೂ ಸರಿಹೋಗುತ್ತವೆ. ಹಚ್ಚಿದ ಎಣ್ಣೆಯಿಂದ ಗುಣವಾಯಿತೆಂದು ಮನೆಯವರು ಸಂತೋಷಪಡುತ್ತಾರೆ.

ಮೋಸವಿರುವುದು ಇಲ್ಲಿಯೇ. ಆ ಬ್ಯಾಕ್ಟೀರಿಯಾದ ಕೆಲವು ಅಂಶಗಳು ನಮ್ಮ ಹೃದಯದ ಅಂಗಾಂಶವನ್ನು ಹೋಲುತ್ತವೆ. ರೋಗಾಣುವಿನ ವಿರುದ್ಧ ಎದ್ದ ದೇಹದ ರಕ್ಷಣಾ ಪಡೆ ಗುರುತು ತಪ್ಪಿ ತನ್ನದೇ ಹೃದಯದ ಮೇಲೆ ಎರಗುತ್ತದೆ. ಈ ಜ್ವರ ಕೀಲುಗಳನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಎಂಬ ಹಳೆಯ ಮಾತು ವೈದ್ಯರಲ್ಲಿದೆ. ಹೃದಯದ ಕವಾಟಗಳು, ಅದರಲ್ಲೂ ಮೈಟ್ರಲ್ ಕವಾಟ, ಊದಿ, ಗಡುಸಾಗಿ, ವರ್ಷಗಳು ಕಳೆದಂತೆ ಕಿರಿದಾಗುತ್ತವೆ ಅಥವಾ ಸೋರತೊಡಗುತ್ತವೆ. ಹತ್ತಾರು ವರ್ಷ ಏನೂ ತಿಳಿಯದೆ, ಮೆಟ್ಟಿಲು ಹತ್ತುವಾಗ ಏದುಸಿರು ಬಂದಾಗಲೋ, ಹೆಣ್ಣುಮಕ್ಕಳಲ್ಲಿ ಚೊಚ್ಚಲ ಬಸಿರಿನ ತಪಾಸಣೆಯಲ್ಲೋ ಹೃದಯ ಕೆಟ್ಟಿರುವುದು ಗೊತ್ತಾಗುತ್ತದೆ. ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆಗಳಲ್ಲಿ ಲಭ್ಯವಿದೆ. ಆದರೆ ಅಲ್ಲಿಯವರೆಗೆ ಹೋಗದಂತೆ ತಡೆಯುವುದು ಸಾಧ್ಯ.

ಹೇಗೆಂದರೆ, ನುಂಗುವಾಗ ತೀವ್ರ ಗಂಟಲುನೋವು, ಜ್ವರ, ಕತ್ತಿನ ಗಂಟುಗಳಲ್ಲಿ ನೋವು ಇದ್ದು, ನೆಗಡಿ ಕೆಮ್ಮು ಇಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ಗಂಟಲುನೋವು ಆರಂಭವಾದ ಒಂಬತ್ತು ದಿನಗಳೊಳಗೆ ಪೆನಿಸಿಲಿನ್ ಶುರುಮಾಡಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಹತ್ತು ದಿನದ ಮಾತ್ರೆ ಬರೆದುಕೊಟ್ಟಿದ್ದರೆ ಮೂರನೆಯ ದಿನ ಹಾಯೆನಿಸಿದರೂ ಹತ್ತು ದಿನವೂ ನುಂಗಬೇಕು. ಒಮ್ಮೆ ಈ ಜ್ವರ ಬಂದವರಿಗೆ ಅದು ಮರಳಿ ಬರುವ ಸಂಭವ ಹೆಚ್ಚು. ಪ್ರತಿ ಮರುಕಳಿಕೆಯೂ ಹೃದಯಕ್ಕೆ ಹೊಸ ಪೆಟ್ಟು. ಆದ್ದರಿಂದ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಅನ್ನು ಕನಿಷ್ಠ ಐದು ವರ್ಷ, ಹಲವರಿಗೆ ಇನ್ನೂ ಹೆಚ್ಚು ಕಾಲ, ಕೊಡುತ್ತಾರೆ. ನಿಲ್ಲಿಸುವ ನಿರ್ಧಾರ ವೈದ್ಯರದೇ ಆಗಿರಬೇಕು. ಪೆನಿಸಿಲಿನ್ ಒಗ್ಗದವರು ಮೊದಲೇ ತಿಳಿಸಿದರೆ ಬದಲಿ ಔಷಧವಿದೆ.

ನಿಮ್ಮ ತರಗತಿಯ ಗೆಳೆಯನಿಗೋ ಗೆಳತಿಗೋ ಕೀಲುನೋವು ಅಲೆದಾಡುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಕೈಬರಹ ಕೆಟ್ಟು, ಕೈಕಾಲು ತಾನೇ ತಾನಾಗಿ ಅದುರುತ್ತ, ವಸ್ತುಗಳು ಕೈಜಾರುತ್ತಿದ್ದರೆ ನಗಬೇಡಿ. ಅದೂ ಇದೇ ಕಾಯಿಲೆಯ ಒಂದು ರೂಪವಾಗಿರಬಹುದು. ಅಧ್ಯಾಪಕರಿಗೆ ಹೇಳಿ.

ಸೊಳ್ಳೆಯಿಂದ ಬರುವ ಜ್ವರಗಳಲ್ಲಿಯೂ ಕೀಲುನೋವುಂಟು. 2006ರಲ್ಲಿ ಚಿಕೂನ್‌ಗುನ್ಯಾ ನಮ್ಮ ರಾಜ್ಯದ ಹಳ್ಳಿ ಹಳ್ಳಿಗಳಲ್ಲಿ ಜನರನ್ನು ಹಾಸಿಗೆ ಹಿಡಿಸಿತ್ತು. ಇಂಥ ಜ್ವರದಲ್ಲಿ ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೇನ್‌ಗಳನ್ನು ಅಂಗಡಿಯಿಂದ ತಂದು ನುಂಗಬಾರದು, ರಕ್ತಸ್ರಾವದ ಅಪಾಯವಿದೆ.

ಇನ್ನು ಮೆಲ್ಲಗೆ ಬರುವ ನೋವು. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಕಾಲ ಕೀಲುಗಳು ಬಿಗಿದುಕೊಂಡಿರುವುದು, ಊತ ಆರು ವಾರವಾದರೂ ಇಳಿಯದಿರುವುದು ಮಕ್ಕಳ ಸಂಧಿವಾತದ ಲಕ್ಷಣವಾಗಿರಬಹುದು. ಒಂದೇ ಜಾಗದಲ್ಲಿ ರಾತ್ರಿ ನಿದ್ದೆಗೆಡಿಸುವ ನೋವು, ತೂಕ ಇಳಿಯುವುದು, ಸಂಜೆಯ ಸಣ್ಣ ಜ್ವರ ಕಂಡರೆ ಕ್ಷಯ ಅಥವಾ ಮೂಳೆಯ ಗೆಡ್ಡೆ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆರು ವಾರ ತುಂಬಲೆಂದು ಕಾಯಬೇಕಿಲ್ಲ. ಕಾರಣ ತಿಳಿಯದ ಊತ ವಾರ ದಾಟಿದರೆ ತೋರಿಸಿ.

ವೈದ್ಯರ ಬಳಿ ಹೋಗುವಾಗ ನಾಲ್ಕು ವಿಷಯ ಬರೆದುಕೊಂಡು ಹೋಗಿ. ನೋವು ಎಂದು ಶುರುವಾಯಿತು? ಯಾವ ಕೀಲಿನಿಂದ ಯಾವ ಕೀಲಿಗೆ ಹೋಯಿತು? ಹಿಂದಿನ ಒಂದು ತಿಂಗಳಲ್ಲಿ ಗಂಟಲುನೋವೋ ಜ್ವರವೋ ಬಂದಿತ್ತೇ? ಯಾವ ಮಾತ್ರೆ ನುಂಗಿದ್ದೀರಿ? ನೋವಿನ ಮಾತ್ರೆ ಊತವನ್ನು ಇಳಿಸಿ ರೋಗದ ಗುರುತನ್ನೇ ಅಳಿಸಿಬಿಡುತ್ತದೆ; ಹಾಗಾಗಿ ಅದನ್ನು ಮುಚ್ಚಿಡಬೇಡಿ. ಹೃದಯವನ್ನೂ ಪರೀಕ್ಷಿಸುವಿರಾ ಎಂದು ಕೇಳಲು ಸಂಕೋಚ ಬೇಡ.

ನೋವು ಹೋದ ಮಾತ್ರಕ್ಕೆ ರೋಗ ಹೋಯಿತೆಂದಲ್ಲ. ಈ ಮಾತನ್ನು ಇಂದು ಮನೆಗೆ ಹೋದ ಮೇಲೆ ತಂದೆತಾಯಿಗಳಿಗೂ, ತಮ್ಮ ತಂಗಿಯರಿಗೂ ತಿಳಿಸಿ.