ಲ್ಯಾಪ್‌ಟಾಪ್ ನಿಧಾನವಾದರೆ ಮೊದಲು ಪರೀಕ್ಷಿಸಿರಿ
(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಅದನ್ನು ಆ ದಿನವೇ ಸಂತೆಗೆ ಹೊಡೆಯುವವರು ನಮ್ಮಲ್ಲಿಲ್ಲ. ಬಾಯಿ ನೋಡುತ್ತೇವೆ, ಗೊರಸು ನೋಡುತ್ತೇವೆ, ಹೊಟ್ಟೆ ಉಬ್ಬರಿಸಿದೆಯೇ ಎಂದು ಮುಟ್ಟಿ ನೋಡುತ್ತೇವೆ. ಆದರೆ ಮನೆಯ ಲ್ಯಾಪ್‌ಟಾಪ್ ನಿಧಾನವಾದಾಗ ಮಾತ್ರ, ಹಳೆಯದಾಯಿತೆಂದು ಹೊಸದಕ್ಕೆ ಸಾಲ ಮಾಡಲು ಹೊರಡುತ್ತೇವೆ. ಅನೇಕ ವೇಳೆ ಕೆಟ್ಟಿರುವುದು ಒಂದೇ ಭಾಗ. ಅದನ್ನು ಕಂಡುಹಿಡಿಯುವ ಕ್ರಮವನ್ನು ಈಗ ಹೇಳುತ್ತೇನೆ.

ಮೊಟ್ಟಮೊದಲು ಹಾಲಿನ ಲೆಕ್ಕ, ಪಹಣಿಯ ಪ್ರತಿ, ಮಕ್ಕಳ ಪಾಠ ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿರಿ. ಯಂತ್ರವನ್ನು ಮತ್ತೆ ಕೊಳ್ಳಬಹುದು. ಹೋದ ಲೆಕ್ಕವನ್ನು ಕೊಳ್ಳಲಾಗದು. ಒಳಗಿನಿಂದ ಟಕ್ ಟಕ್ ಎಂದು ಸದ್ದು ಬರುತ್ತಿದ್ದರೆ ಹಾರ್ಡ್ ಡಿಸ್ಕ್ ಕೈಕೊಡುವ ಸೂಚನೆ. ಆಗ ಬೇರೆ ಪರೀಕ್ಷೆ ಬೇಡ. ಮುಖ್ಯವಾದುದನ್ನು ನಕಲು ಮಾಡಿ ಯಂತ್ರವನ್ನು ನಿಲ್ಲಿಸಿರಿ.

ಎರಡನೆಯದಾಗಿ, ಯಂತ್ರವನ್ನು ಚಾಲೂ ಮಾಡಿ ಕಾಲು ಗಂಟೆ ಸುಮ್ಮನೆ ಬಿಡಿರಿ. ಬಳಿಕ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿರಿ. ವಿಂಡೋಸ್ ಇರುವ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಇವುಗಳ ಕೆಲಸ ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ.

ಮೊದಲು ಮೆಮೊರಿಯನ್ನು ನೋಡಿರಿ. ಅದು 90ರ ಮೇಲೆಯೇ ನಿಂತಿದ್ದರೆ ಜಾಗ ಸಾಲದಾಗಿದೆ. ಮನೆಯಲ್ಲಿ ತುಂಬಿದ ಕಾಳನ್ನು ಜಗಲಿಗೆ ಸುರಿದಂತೆ, ಯಂತ್ರವು ಮಿಕ್ಕದ್ದನ್ನು ಡಿಸ್ಕಿಗೆ ಹಾಕಿ ತೆಗೆಯುತ್ತಿರುತ್ತದೆ. 4 ಜಿಬಿ ಇರುವ ಕಡೆ 8 ಜಿಬಿ ಮಾಡಿದರೆ ಗುಣ ಕಾಣುತ್ತದೆ. ಕೆಲವು ಯಂತ್ರಗಳಲ್ಲಿ ಮೆಮೊರಿ ಬೆಸುಗೆಯಾಗಿರುತ್ತದೆ. ಕೊಳ್ಳುವ ಮೊದಲು ಕೇಳಿರಿ.

ಮೆಮೊರಿ ಖಾಲಿಯಿದ್ದೂ, ಏನೂ ಕೆಲಸವಿಲ್ಲದಾಗಲೂ ದಿನದಿನವೂ ಡಿಸ್ಕ್ 100 ತೋರಿಸಿದರೆ ಡಿಸ್ಕಿನ ಮೇಲೆ ಸಂಶಯ ಪಡಬೇಕು. ಹಳೆಯ ಲ್ಯಾಪ್‌ಟಾಪುಗಳ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆ. ಸವೆದಂತೆ ಓದುವುದು ತಡವಾಗುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಮು ಡಿಸ್ಕಿನ ಆರೋಗ್ಯವನ್ನು ತಿಳಿಸುತ್ತದೆ. ಅದರ ಬದಲಿಗೆ ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕಿಸಿದರೆ ಹಳೆಯ ಯಂತ್ರವೂ ಚುರುಕಾಗುತ್ತದೆ.

ಮೂರನೆಯದು ಬಿಸಿ. ಮೊದಲು ಚೆನ್ನಾಗಿ ನಡೆದು, ಹತ್ತು ನಿಮಿಷದ ನಂತರ ಕುಂಟಿದರೆ ಫ್ಯಾನಿನ ದಾರಿಯಲ್ಲಿ ಧೂಳು ಕಟ್ಟಿರಬಹುದು. ಕಾವು ಹೆಚ್ಚಿದಾಗ ಸಿಪಿಯು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಾಸಿಗೆಯ ಮೇಲಿಟ್ಟು ಬಳಸಬೇಡಿರಿ; ಒಕ್ಕಣೆಯ ಕಾಲದಲ್ಲಿ ಮುಚ್ಚಿಡಿರಿ.

ನಾಲ್ಕನೆಯದು ಚಾರ್ಜರ್. ಕೆಲವು ಯಂತ್ರಗಳು ಸರಿಯಾದ ಚಾರ್ಜರ್ ಸಿಗದಿದ್ದರೆ ವೇಗ ತಗ್ಗಿಸುತ್ತವೆ. ಅದೇ ಮಾದರಿಯ ಬೇರೊಂದನ್ನು ಹಾಕಿ ನೋಡಿರಿ. ಬ್ಯಾಟರಿ ಉಬ್ಬಿದ್ದರೆ ಆ ಕ್ಷಣವೇ ಬಳಕೆ ನಿಲ್ಲಿಸಿರಿ. ಅದನ್ನು ಚುಚ್ಚಬಾರದು, ಒತ್ತಬಾರದು. ಬೆಂಕಿ ಹೊತ್ತಿಕೊಳ್ಳುವ ಭಯವಿದೆ.

ಇಷ್ಟಾದರೂ ತಿಳಿಯದಿದ್ದರೆ ಲಿನಕ್ಸ್ ಹಾಕಿದ ಪೆನ್‌ಡ್ರೈವಿನಿಂದ ಯಂತ್ರವನ್ನು ನಡೆಸಿ ನೋಡಿರಿ. ಓದುವ ಹುಡುಗರಿಗೆ ಇದು ಕಷ್ಟವಲ್ಲ. ಆಗ ಚುರುಕಾಗಿ ನಡೆದರೆ ದೋಷವು ಬಹುಶಃ ಡಿಸ್ಕಿನಲ್ಲಿ ಇಲ್ಲವೇ ವಿಂಡೋಸಿನಲ್ಲಿದೆ. ಆಗಲೂ ಕುಂಟಿದರೆ ಬಿಸಿ, ಮೆಮೊರಿ, ಚಾರ್ಜರ್ ಕಡೆಗೆ ಮತ್ತೊಮ್ಮೆ ಗಮನ ಕೊಡಿರಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡಿರಿ. ಅದನ್ನು ಹಿಡಿದು ಹೋದರೆ ರಿಪೇರಿ ಅಂಗಡಿಯಲ್ಲಿ ಬೇಡದ ಭಾಗಕ್ಕೆ ಹಣ ಕೊಡಬೇಕಾಗುವುದಿಲ್ಲ. ತೆಗೆದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟುಬರಬೇಡಿರಿ. ನಿಮ್ಮ ಮನೆಯ ಲೆಕ್ಕವೆಲ್ಲ ಅದರೊಳಗಿದೆ.