ಶೆಡ್ಡಿನಲ್ಲಿ ಹುಟ್ಟಿದ ಹಾಡು
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ಅದೆಲ್ಲ ಮಕ್ಕಳಿಗೆ ಈಗ ಮೊಬೈಲಿನಲ್ಲೇ ಸಿಗುತ್ತದೆ. ನಾನು ಹಾಡು ಕಟ್ಟಿದವರ ಕಥೆ ಹೇಳುತ್ತೇನೆ.

1960ರ ದಶಕದಲ್ಲಿ ಅಮೆರಿಕದ ಹುಡುಗರು ಮನೆಯ ಕಾರು ಶೆಡ್ಡಿನಲ್ಲಿ ಸೇರಿ, ಅಗ್ಗದ ಗಿಟಾರು, ಡ್ರಮ್ ಹಿಡಿದು ತಾವೇ ಹಾಡು ಕಟ್ಟತೊಡಗಿದರು. ಅದಕ್ಕೆ ‘ಗ್ಯಾರೇಜ್ ರಾಕ್’ ಎಂದು ಹೆಸರಾಯಿತು. ಆ ಗಾಳಿ ನಮ್ಮ ದೇಶಕ್ಕೂ ಬೀಸಿತು. ಒಂದು ಸಿಗರೇಟಿನ ಹೆಸರಿನಲ್ಲಿ ‘ಸಿಮ್ಲಾ ಬೀಟ್’ ಎಂಬ ಸ್ಪರ್ಧೆ ನಡೆದು, 1970 ಮತ್ತು 1971ರ ತಂಡಗಳ ಹಾಡುಗಳು ಧ್ವನಿಮುದ್ರಿಕೆಯಾಗಿ ಬಂದವು. ಭಾಷೆ ಇಂಗ್ಲಿಷ್. 1996ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತಂಡದ್ದೂ ಇಂಗ್ಲಿಷೇ.

ನಾನು ಓದಿದ ಇಂಜಿನಿಯರಿಂಗ್ ಕಾಲೇಜಿನ ಉತ್ಸವದಲ್ಲಿ ಬ್ಯಾಂಡ್ ಸ್ಪರ್ಧೆಗೆ ಹೆಸರು ಕೊಡಲು ಹೋದಾಗ, "ಕನ್ನಡ ಹಾಡಾದರೆ ಜಾನಪದ ವಿಭಾಗಕ್ಕೆ ಹೋಗಿ" ಎಂದು ಕಳುಹಿಸಿದ್ದರು. ನಮ್ಮ ಕೈಯಲ್ಲಿದ್ದದ್ದೂ ಗಿಟಾರೇ.

ಈ ಗೋಡೆಯನ್ನು ಒಡೆದವರಲ್ಲಿ ಮೈಸೂರಿನ ಅಣ್ಣತಮ್ಮಂದಿರಿಬ್ಬರಿದ್ದಾರೆ. ಅಣ್ಣ ರಘು ದೀಕ್ಷಿತ್ ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. 2008ರ ತಮ್ಮ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ತತ್ವಪದವನ್ನು ಗಿಟಾರಿನ ಜೊತೆ ಹಾಡಿದರು. ತಮ್ಮ ವಾಸು ದೀಕ್ಷಿತ್ ಅವರ ತಂಡ ‘ಸ್ವರಾತ್ಮ’. ಅದು 2006ರಲ್ಲಿ ರೇಡಿಯೋ ಸಿಟಿ ನಡೆಸಿದ ಸ್ಪರ್ಧೆ ಗೆದ್ದು, 2009ರಲ್ಲಿ ಮೊದಲ ಆಲ್ಬಮ್ ತಂದಿತು. ಡ್ರಮ್ಮು, ಗಿಟಾರಿನ ಪಕ್ಕದಲ್ಲೇ ಪಿಟೀಲು. ವೇದಿಕೆಯ ಮೇಲೆ ನಮ್ಮ ಜಾತ್ರೆಗಳಲ್ಲಿ ಕಾಣುವಂಥ ಕೀಲುಕುದುರೆ!

ಆ ಆಲ್ಬಮ್‌ನಲ್ಲಿ ‘ಪ್ಯಾಸಿ’ ಎಂಬ ಹಾಡಿದೆ. ಬಾಯಾರಿದವಳು ಎಂದರ್ಥ. ಅದು ಕಾವೇರಿ ನೀರಿನ ಜಗಳದ ಕುರಿತದ್ದು. ತಲಕಾವೇರಿ ಇರುವುದು ನಮ್ಮ ಜಿಲ್ಲೆಯಲ್ಲಿ. ಹಾಡಿಗೆ ವಸ್ತು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ ಎಂದು ನನಗೆ ಅನಿಸಿದ್ದು ಆ ಹಾಡು ಕೇಳಿದ ಮೇಲೆಯೇ.

ವಾದ್ಯಕ್ಕೂ ದೂರ ಹೋಗಬೇಕಾಗಿಲ್ಲ. ಕೊಡಗಿನಲ್ಲಿ ನಾಲ್ವರು ದುಡಿ ಬಡಿಯುತ್ತ ಬಾಳೋ ಪಾಟ್ ಹಾಡುತ್ತಾರಲ್ಲ, ಅದೂ ಒಂದು ಬ್ಯಾಂಡೇ. ನಡಿಕೇರಿಯಂಡ ಚಿಣ್ಣಪ್ಪನವರು ಆ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚು ಹಾಕಿಸಿದ್ದರಿಂದ ಪದಗಳು ಉಳಿದವು. ಆದರೆ ದುಡಿಯ ಪೆಟ್ಟನ್ನು ಪುಸ್ತಕದಿಂದ ಕಲಿಯಲಾಗದು. ಅದು ಕೈಯಿಂದ ಕೈಗೇ ಬರಬೇಕು. ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಬರಬೇಕು.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಕಂಪ್ಯೂಟರ್ ಕೊಡಿಸುವ ಮಾತು ಒಳ್ಳೆಯದೇ. ಜೊತೆಗೆ ನಾಲ್ಕು ದುಡಿ, ಒಂದು ಹಾರ್ಮೋನಿಯಂ, ಎರಡು ಗಿಟಾರನ್ನೂ ಕೊಡಿಸೋಣ. ಗಿಟಾರು ಎರಡೂ ನನ್ನ ಲೆಕ್ಕಕ್ಕಿರಲಿ. ಗುರುಗಳು ಶನಿವಾರ ತರಗತಿ ಮುಗಿದ ಮೇಲೆ ಒಂದು ಕೋಣೆ ಬಿಟ್ಟುಕೊಡಬೇಕು. ಊರಿನ ಹಿರಿಯರು ಬಂದು ಕಲಿಸಬೇಕು.

ಮಕ್ಕಳೇ, ಕನ್ನಡದಲ್ಲಾಗಲಿ, ಅರೆಭಾಷೆಯಲ್ಲಾಗಲಿ, ಕೊಡವ ತಕ್ಕಿನಲ್ಲಾಗಲಿ, ಮನೆಯ ಮಾತಿನಲ್ಲೇ ಹಾಡು ಕಟ್ಟಿ. ಅದು ಯಾವ ವಿಭಾಗಕ್ಕೆ ಸೇರುತ್ತದೆ ಎಂದು ಕೇಳುವವರು ಕೇಳಿಕೊಳ್ಳಲಿ.