ಹಿಮಯುಗವೂ ಬೆಟ್ಟದ ಹೂಗಳೂ



ಉದಕಮಂಡಲದ ಸುತ್ತಣ ಬೆಟ್ಟಗಳಲ್ಲಿ ಅಡ್ಡಾಡಿದವರು, ಕೆಂಪು ಹೂಗೊಂಚಲುಗಳನ್ನು ಹೊತ್ತು ನಿಂತ ರೋಡೊಡೆಂಡ್ರನ್ ಮರವನ್ನು ನೋಡಿರಬಹುದು. ಇದೇ ಜಾತಿಯ ಮರವು ಹಿಮಾಲಯದ ಇಳಿಜಾರುಗಳಲ್ಲಿಯೂ ಬೆಳೆಯುವುದು. ನಡುವೆ ಇರುವ ಸಾವಿರ ಮೈಲಿಗೂ ಮೀರಿದ ಬಿಸಿನೆಲದಲ್ಲಿ ಮಾತ್ರ ಅದರ ಸುಳಿವಿಲ್ಲ. ಕಾಲಿಲ್ಲದ ಮರವು ಇಷ್ಟು ದೂರವನ್ನು ದಾಟಿದುದು ಹೇಗೆ?

ಇಂಥದೇ ಪ್ರಶ್ನೆಯು ಯೂರೋಪಿನ ಸಸ್ಯಶಾಸ್ತ್ರಜ್ಞರನ್ನೂ ಬಹುಕಾಲ ಕಾಡಿತು. ಅಲ್ಲಿಯ ಆಲ್ಪ್ಸ್ ಪರ್ವತಗಳಲ್ಲಿ ಡ್ರಯಾಸ್ ಎಂಬ ಪುಟ್ಟ ಸಸ್ಯವೊಂದುಂಟು. ಅದು ನೆಲಕ್ಕೆ ಅಂಟಿಕೊಂಡು ಹಬ್ಬುವುದು. ಸಾಮಾನ್ಯವಾಗಿ ಎಂಟು ಎಸಳುಗಳ ಬಿಳಿಯ ಹೂವನ್ನು ಬಿಡುವುದು. ಅದೇ ಸಸ್ಯವು ಉತ್ತರ ಧ್ರುವದ ಸಮೀಪದ ನಾಡುಗಳಲ್ಲಿಯೂ ಇದೆ. ನಡುವಣ ಬಯಲಿನಲ್ಲಿ ಇಲ್ಲ.

೧೮೪೦ರಲ್ಲಿ ಲೂಯಿ ಅಗಾಸಿ ಎಂಬ ವಿದ್ವಾಂಸನು, ಹಿಂದೊಮ್ಮೆ ಯೂರೋಪಿನ ಬಹುಭಾಗವನ್ನು ಹಿಮವು ಮುಚ್ಚಿದ್ದಿತೆಂದು ಒಂದು ಗ್ರಂಥದಲ್ಲಿ ಪ್ರತಿಪಾದಿಸಿದನು. ೧೮೪೬ರಲ್ಲಿ ಎಡ್ವರ್ಡ್ ಫೋರ್ಬ್ಸನೂ, ೧೮೫೯ರಲ್ಲಿ ಡಾರ್ವಿನ್ನನೂ ಇದರಿಂದ ಸಸ್ಯಗಳ ಒಗಟನ್ನು ಬಿಡಿಸಿದರು. ಚಳಿ ಹೆಚ್ಚಿದಾಗ ಧ್ರುವದ ಸಸ್ಯಗಳು ದಕ್ಷಿಣಕ್ಕೆ ಸರಿದುವು, ಬೆಟ್ಟದವು ಬಯಲಿಗಿಳಿದುವು. ಎರಡೂ ಬಯಲಿನಲ್ಲಿ ಬೆರೆತುವು. ಮತ್ತೆ ಬಿಸಿಲು ಬಲಿತಾಗ ಕೆಲವು ಉತ್ತರಕ್ಕೆ ಹಿಂದಿರುಗಿದುವು, ಕೆಲವು ಬೆಟ್ಟವನ್ನೇರಿದುವು. ಇದು ಬರಿಯ ಊಹೆಯಲ್ಲ. ಡೆನ್ಮಾರ್ಕ್ ಮತ್ತು ಸ್ವೀಡನ್ ದೇಶಗಳ ತಗ್ಗುನೆಲದ ಜೇಡಿಯ ಪದರಗಳಲ್ಲಿ ಡ್ರಯಾಸಿನ ಎಲೆಗಳು ದೊರೆತಿರುವುವು. ಹಿಮಯುಗದ ಕೊನೆಯ ಚಳಿಗಾಲಾವಧಿಗಳಿಗೆ ವಿಜ್ಞಾನಿಗಳು ಈ ಹೂವಿನ ಹೆಸರನ್ನೇ ಇಟ್ಟಿರುವರು.

ಹಾಗಾದರೆ ಹಿಮವು ಸಸ್ಯಗಳನ್ನು ಅತ್ತಿತ್ತ ಅಟ್ಟಿತೆಂಬಷ್ಟೇ ನಿಜವೆ? ಅಲ್ಲ, ಅದು ಹೊಸ ಜಾತಿಗಳಿಗೆ ಜನ್ಮವನ್ನೂ ಕೊಟ್ಟಿತು. ಕಳೆದ ೨೬ ಲಕ್ಷ ವರ್ಷಗಳಲ್ಲಿ ಚಳಿಯೂ ಬೆಚ್ಚನೆಯೂ ಅನೇಕ ಬಾರಿ ಒಂದರ ಬೆನ್ನಿಗೊಂದು ಬಂದಿವೆ. ಸುಮಾರು ಇಪ್ಪತ್ತೈದು ಸಾವಿರ ವರ್ಷಗಳ ಹಿಂದೆ ಆಲ್ಪ್ಸಿನ ದೊಡ್ಡ ಕಣಿವೆಗಳಲ್ಲಿ ಹಿಮದ ದಪ್ಪವು ಕೆಲವೆಡೆ ಮೈಲಿಯನ್ನು ಮೀರಿದ್ದಿತು. ಆಗ ಹಲವು ಸಸ್ಯಗಳು ಪರ್ವತಶ್ರೇಣಿಯ ದಕ್ಷಿಣ ಮತ್ತು ಪೂರ್ವದ ಅಂಚುಗಳಲ್ಲಿ, ಕೆಲವು ಹಿಮದಿಂದ ಮೇಲೆದ್ದ ಬಂಡೆಗಳಲ್ಲಿ ಆಶ್ರಯ ಪಡೆದುವು. ಒಂದು ಮನೆತನದ ಕವಲುಗಳು ಧಾರವಾಡದಲ್ಲೊಂದು, ಮೈಸೂರಿನಲ್ಲೊಂದು ನೆಲೆಸಿದರೆ ಕೆಲವು ತಲೆಮಾರುಗಳಲ್ಲಿ ಅವುಗಳ ನುಡಿ ಬೇರೆಯಾಗುವುದಷ್ಟೆ? ಬಳಗದಿಂದ ಅಗಲಿದ ಸಸ್ಯಗಳೂ ಹಾಗೆಯೇ ಬೇರೆಯಾದುವು. ಯೂರೋಪಿನ ಎತ್ತರದ ಬೆಟ್ಟಗಳಲ್ಲಿ ಪ್ರಿಮುಲದ ಒಂದೇ ವರ್ಗಕ್ಕೆ ಸೇರಿದ ಸುಮಾರು ೨೫ ಜಾತಿಗಳುಂಟು. ಇವುಗಳಲ್ಲಿ ಅನೇಕವು ಹಿಮಯುಗಗಳ ಕಾಲದಲ್ಲಿಯೇ ಕವಲೊಡೆದುವೆಂದು ವಿದ್ವಾಂಸರ ಅಭಿಪ್ರಾಯ. ಹಿಮವು ಅಷ್ಟಾಗಿ ತುಳಿಯದ ಅಂಚುಗಳಲ್ಲಿ ಪುರಾತನ ಸಸ್ಯಗಳೂ ಉಳಿದುವು. ಕಡಲಿನ ಸಮೀಪದ ಆಲ್ಪ್ಸಿನ ಬಂಡೆಗಳಲ್ಲಿ ಮಾತ್ರ ಬೆಳೆಯುವ ಒಂದು ಸ್ಯಾಕ್ಸಿಫ್ರಾಗವು ಹತ್ತಾರು ವರ್ಷ ಕಾದು, ಒಮ್ಮೆ ಮಾತ್ರ ಹೂಬಿಟ್ಟು ಸಾಯುವುದು. ಒಟ್ಟು ಸುಮಾರು ೪,೫೦೦ ಜಾತಿಯ ಸಸ್ಯಗಳಿಗೆ ಆಲ್ಪ್ಸ್ ಮನೆಯಾಗಿದೆ.

ನೀಲಗಿರಿಯಲ್ಲಿ ಹಿಮನದಿಗಳು ಹರಿಯಲಿಲ್ಲ. ಆದರೂ ತಂಪುಗಾಲದಲ್ಲಿ ನಡುವಣ ಬೆಟ್ಟಗಳನ್ನು ಮೆಟ್ಟಿಲಾಗಿಸಿಕೊಂಡು ಅಲ್ಲಿಯ ಕೆಂಪು ಹೂವಿನ ಮರವು ಬಂದಿರಬೇಕೆಂಬ ವಿವರಣೆಯನ್ನು ವಿದ್ವಾಂಸರು ಸೂಚಿಸಿರುವರು.

ಇದೆಲ್ಲವೂ ಹಳೆಯ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಸ್ವಿಟ್ಜರ್ಲೆಂಡಿನ ಪಿಟ್ಸ್ ಲಿನಾರ್ಡ್ ಶಿಖರವು ಸುಮಾರು ೧೧,೨೦೦ ಅಡಿ ಎತ್ತರವಾಗಿದೆ. ೧೮೩೫ರಲ್ಲಿ ಓಸ್ವಾಲ್ಡ್ ಹೇರ್ ಅದನ್ನೇರಿದಾಗ ತುದಿಯಲ್ಲಿ ಕಂಡುದು ಒಂದೇ ಜಾತಿಯ ಹೂಗಿಡ. ೨೦೧೧ರಲ್ಲಿ ಎಣಿಸಿದವರಿಗೆ ೧೬ ಜಾತಿಗಳು ಸಿಕ್ಕಿದುವು. ಸಂಖ್ಯೆ ಹೆಚ್ಚಿತೆಂದು ಹಿಗ್ಗಬಹುದೆ? ಭೂಮಿಯು ಬಿಸಿಯಾಗುತ್ತಿರುವುದರಿಂದ ಕೆಳಗಿನವು ಮೇಲೇರುತ್ತಿವೆ. ಎಲ್ಲಕ್ಕೂ ಮೇಲಿರುವ ಗಿಡವು ಇನ್ನೆಲ್ಲಿಗೆ ಏರೀತು? ಹಿಂದಿನ ಬದಲಾವಣೆಗಳಲ್ಲಿ ಬಹುಮಟ್ಟಿಗೆ ಸಾವಿರಾರು ವರ್ಷಗಳ ಅವಕಾಶವಿದ್ದಿತು. ಇಳಿದುಹೋಗಲು ಬಯಲೂ ಇದ್ದಿತು. ಈ ಬಾರಿ ಕಾಲವು ನೂರಾರು ವರ್ಷಗಳಿಗೆ ಕುಗ್ಗಿದೆ. ಬಯಲನ್ನು ನಮ್ಮ ಹೊಲಗಳೂ ಊರುಗಳೂ ತುಂಬಿವೆ. ಲಕ್ಷಾಂತರ ವರ್ಷಗಳಲ್ಲಿ ಹಿಮವು ಕೂಡಿಸಿಟ್ಟುದನ್ನು ಒಂದೆರಡು ತಲೆಮಾರುಗಳಲ್ಲಿ ಕಳೆಯುವ ಹೊಣೆಯು ನಮ್ಮದಾಗದಿರಲಿ. ಮುಂದೆ ಬೆಟ್ಟವನ್ನೇರುವಾಗ ಕಾಲಡಿಯ ಪುಟ್ಟ ಹೂವನ್ನು ತುಳಿಯುವ ಮುನ್ನ ಒಂದು ಕ್ಷಣ ನಿಂತು ನೋಡೋಣ. ಅದು ನಮಗಿಂತ ಬಹು ಹಿಂದೆ ಅಲ್ಲಿಗೆ ಬಂದಿರಬಹುದು.